ಇನ್ನೂರ ನಲವತ್ತನೆಯ ಆಟ

ಪೈಕ್ ನ್ಯಾರೋಸ್, ಒಂಟಾರಿಯೋ
೪ ಏಪ್ರಿಲ್ ೧೯೯೩

ಪ್ರಿಯ ಇವೋನ್,

ನೀನೂ ನಿನ್ನ ತಂದೆಯವರೂ ಸುಖವಾಗಿ ಊರು ಸೇರಿದ್ದೀರೆಂದು ಭಾವಿಸುತ್ತೇನೆ. ಎರಡೂವರೆ ದಿನ ಬಸ್ಸಿನಲ್ಲಿ ಕುಳಿತರೆ ಪೆಟ್ಟು ಬಿದ್ದ ಪಕ್ಕೆಲುಬು ಏನೆನ್ನುತ್ತದೆಂಬುದನ್ನು ನಾನು ಬಲ್ಲೆ. ಕಟ್ಟನ್ನು ಇನ್ನೆರಡು ವಾರ ಬಿಚ್ಚಬೇಡ. ಫೋನಿನಲ್ಲಿ ವಿಚಾರಿಸಬಹುದಿತ್ತು, ಆದರೆ ಮೂವತ್ತೊಂದು ವರ್ಷ ಐಸ್ ಹಾಕಿ ರಿಂಕಿನ ಶೀತಯಂತ್ರಗಳ ಗದ್ದಲದಲ್ಲಿ ಕಳೆದ ಈ ಕಿವಿಗಳಿಗೆ ದೂರದ ದನಿಗಳು ದಕ್ಕುವುದಿಲ್ಲ. ನನಗೆ ಕಾಗದವೇ ಕ್ಷೇಮ.

ಮೊನ್ನೆ ರಿಂಕಿನ ಮಂಜನ್ನು ಕರಗಿಸಿದೆವು. ನೀಲಿ ಗೆರೆ, ಕೆಂಪು ಗೆರೆಗಳ ಬಣ್ಣ ನೀರಿನಲ್ಲಿ ಕಲೆತು ಮೋರಿಗೆ ಹರಿಯುವುದನ್ನು ನೋಡುವಾಗ ಪ್ರತಿವರ್ಷವೂ ಮನಸ್ಸು ಮುದುಡುತ್ತದೆ. ಮುಂದಿನ ವಾರ ಅದೇ ನೆಲದ ಮೇಲೆ ಟ್ರ್ಯಾಕ್ಟರುಗಳ ಪ್ರದರ್ಶನ.

ಕೊನೆಯ ಆಟವನ್ನು ನಾನು ಮರೆಯಲಾರೆ. ನಾವು ಆರು ಗೋಲು ತಿಂದು ಸೋತಿದ್ದೆವು, ಋತುವೇ ಮುಗಿದಿತ್ತು, ನೀನು ಆಡುವವರ ಪಟ್ಟಿಯಲ್ಲಿಯೇ ಇರಲಿಲ್ಲ. ಆಟದ ಹಾಳೆಯಲ್ಲಿ ನಿನ್ನ ಹೆಸರು ಬರೆದವನು ನಾನು. ಮುಖ್ಯ ಕೋಚ್ ಗೊಣಗಿದರು: "ಪಕ್ಕೆ ಮುರಿದೋನನ್ನ ಯಾಕಯ್ಯಾ ಇಳಿಸ್ತೀಯ?"

"ಅವರಪ್ಪ ನ್ಯೂ ಬ್ರನ್ಸ್‌ವಿಕ್‌ನಿಂದ ಬಂದು ಕೂತಿದಾರೆ. ನಾಲ್ಕು ವರ್ಷದಲ್ಲಿ ಇದೇ ಮೊದಲು."

"ಸರಿ, ಕೊನೇಲಿ ಒಂದು ಗಳಿಗೆ. ಬಿದ್ರೆ ಎತ್ಕೊಂಡು ಬರೋದು ನೀನೇ."

ನೀನು ನಲವತ್ತು ಸೆಕೆಂಡು ಆಡಿದೆ. ಅಷ್ಟು ಹೊತ್ತೂ ನಿನ್ನ ತಂದೆ ಟೋಪಿ ತೆಗೆದು, ಇಗರ್ಜಿಯಲ್ಲಿ ನಿಲ್ಲುವಂತೆ ಎದ್ದು ನಿಂತಿದ್ದರು.

ಇನ್ನು ವ್ಯವಹಾರದ ಮಾತು. ನಮ್ಮ ರಾಫ್ಟರ್ಸ್ ಕ್ಲಬ್ ಕೈ ಬದಲಾಯಿಸುತ್ತಿದೆ. ದಕ್ಷಿಣದ ಕಾರು ವ್ಯಾಪಾರಿಯೊಬ್ಬ ಕೊಳ್ಳುತ್ತಿದ್ದಾನೆ. ಜೂನ್ ಹದಿನೈದಕ್ಕೆ ಪ್ರತಿ ಕ್ಲಬ್ಬೂ ತಾನು ಉಳಿಸಿಕೊಳ್ಳುವ ಹತ್ತು ಹೆಸರುಗಳನ್ನು ಲೀಗಿಗೆ ಕೊಡಬೇಕು. ಆ ಹತ್ತರೊಳಗಿದ್ದವನು ನಿಶ್ಚಿಂತ. ಹೊರಗಿದ್ದವನು ಸಂತೆಯಲ್ಲಿ ಕೊಳ್ಳುವವರ ಮುಖ ನೋಡುತ್ತ ನಿಲ್ಲಬೇಕು. ನಿನ್ನ ಹೆಸರು ಹತ್ತರಲ್ಲಿರುವಂತೆ ನೋಡಿಕೊಳ್ಳುವುದು ನನ್ನ ಹೊಣೆ. ನೀನು ಪ್ರತಿದಿನ ಓಡು, ಕಾಲುಗಳನ್ನು ಕಾಪಾಡಿಕೋ.

ನಿನ್ನ ಶ್ರೇಯಸ್ಸನ್ನು ಬಯಸುವ,
ರೇನೋ ಸಾಲ್ಮೆಲಾ

*

ಲಾಮೆಕ್ ದ್ವೀಪ, ನ್ಯೂ ಬ್ರನ್ಸ್‌ವಿಕ್
೯ ಮೇ ೧೯೯೩

ಪ್ರಿಯ ಕೋಚ್ ಅವರಿಗೆ,

ನಿಮ್ಮ ಕಾಗದ ಬಂದಿತು. ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಲಾಬ್‌ಸ್ಟರ್ ಹಿಡಿಯುವ ಋತು ಆರಂಭವಾಗಿದೆ, ಬೆಳಗಿನ ನಾಲ್ಕಕ್ಕೆಲ್ಲ ದೋಣಿಯಲ್ಲಿರುತ್ತೇವೆ. ನನ್ನ ಇಂಗ್ಲಿಷಿನಲ್ಲಿ ತಪ್ಪುಗಳಿದ್ದರೆ ಅದರಲ್ಲಿ ಅರ್ಧ ನಿಮ್ಮವೇ. ನಾಲ್ಕು ವರ್ಷದ ಹಿಂದೆ ಪತ್ರಿಕೆಯ ಆಟದ ಪುಟವನ್ನು ನನ್ನಿಂದ ಗಟ್ಟಿಯಾಗಿ ಓದಿಸಿ ಕಲಿಸಿದವರು ನೀವು.

ಪಕ್ಕೆ ವಾಸಿಯಾಗಿದೆ. ಅಪ್ಪನ ಸೊಂಟ ವಾಸಿಯಾಗುವುದಿಲ್ಲ. ಕಳೆದ ಮಂಗಳವಾರ ಬಲೆಪೆಟ್ಟಿಗೆ ಎತ್ತುವಾಗ ಹಿಡಿದುಕೊಂಡದ್ದು, ಇನ್ನೂ ಬಾಗಿಯೇ ನಡೆಯುತ್ತಾರೆ. ಆದರೂ ಬಾಯಿಗೆ ಬಿಡುವಿಲ್ಲ. "ಏಯ್ ಹಾಕಿಯವನೇ, ಹಗ್ಗ ಎಳಿ. ಇಲ್ಲಿ ನಲವತ್ತು ಸೆಕೆಂಡ್‌ಗೊಂದ್ಸಲ ಕೂತ್ಕೊಳ್ಳೋಕೆ ಬೆಂಚ್ ಹಾಕಿಲ್ಲ."

ನಿನ್ನೆ ಮಾತ್ರ ತಮಾಷೆ ಮಾಡದೆ ಹೇಳಿದರು: "ನನಗೆ ಈ ವರ್ಷಕ್ಕೆ ಸಾಕು. ದೋಣಿ, ಪರವಾನಗಿ ಎರಡೂ ನಿನ್ನ ಹೆಸರಿಗೆ ಮಾಡ್ತೀನಿ. ಬೇಡ ಅಂದ್ರೆ ರೊಸೇರ್ ಕೇಳ್ತಿದಾನೆ. ಜೂನ್ ಒಂದನೇ ತಾರೀಕಿನೊಳಗೆ ಹೇಳು. ಯಾವ್ದು ಹೇಳಿದ್ರೂ ಬೈಯಲ್ಲ."

ರೊಸೇರ್ ನನ್ನ ಸೋದರತ್ತೆಯ ಮಗ, ಕೆಟ್ಟವನಲ್ಲ. ಆದರೆ ಲಾಬ್‌ಸ್ಟರ್ ಪರವಾನಗಿ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ಹೊಸದನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿ ಎಷ್ಟೋ ವರ್ಷಗಳಾದವು. ಮುತ್ತಜ್ಜನಿಂದ ಬಂದದ್ದು ನನ್ನಲ್ಲಿಗೆ ಬಂದು ನಿಂತಿದೆ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಬರುವ ಅಕ್ಟೋಬರಿನಲ್ಲಿ ನನಗೆ ಜಾಗವಿದೆಯೇ? ನನ್ನ ಆಟಗಳ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವು ಆಡು ಎಂದರೆ ಆಡುತ್ತೇನೆ.

ನಿಮ್ಮ,
ಇವೋನ್ ಡುಗೆ

*

ಪೈಕ್ ನ್ಯಾರೋಸ್
೧೯ ಮೇ ೧೯೯೩

ಪ್ರಿಯ ಇವೋನ್,

ನಿನ್ನ ಪ್ರಶ್ನೆಗೆ ನೇರವಾದ ಉತ್ತರ: ಇದೆ.

ಈಗ ವಿವರ. ಲೀಗಿನ ವಾರ್ಷಿಕ ಸಭೆ ಮುಗಿಯಿತು. ಎರಡು ಕ್ಲಬ್ಬುಗಳು ಬಾಗಿಲು ಹಾಕಿವೆ, ಒಂದು ಊರು ಬದಲಾಯಿಸಿದೆ. ನಮ್ಮ ಮುಖ್ಯ ಕೋಚನ್ನು ಒಂದೇ ಸಾಲಿನ ಪತ್ರ ಬರೆದು ಕಳುಹಿಸಿಬಿಟ್ಟರು. ಅವರ ಜಾಗಕ್ಕೆ ಬಂದ ಕ್ರೇಗ್ ಪೆಲೋ ಎಂಬ ವ್ಯವಸ್ಥಾಪಕನಿಗೆ ಮೂವತ್ತೊಂದು ವರ್ಷ. ಎಂದರೆ ನಾನು ಈ ಕೆಲಸಕ್ಕೆ ಸೇರಿದ ವರ್ಷ ಹುಟ್ಟಿದವನು. ನನ್ನನ್ನು ಸದ್ಯಕ್ಕೆ ಸಹಾಯಕನಾಗಿ ಉಳಿಸಿಕೊಂಡಿದ್ದಾನೆ.

ಸಭೆಯ ಮುಖ್ಯ ನಿರ್ಧಾರ ಒಂದಿದೆ. ಇನ್ನೂರ ನಲವತ್ತು ಆಟ ಮುಗಿಸಿದವನನ್ನು ನಮ್ಮ ಲೀಗು 'ಹಿರಿಯ'ನೆಂದು ಎಣಿಸುವುದು ನಿನಗೆ ಗೊತ್ತು. ಇದುವರೆಗೆ ಒಂದು ಕ್ಲಬ್ಬಿನಲ್ಲಿ ಆರು ಹಿರಿಯರಿಗೆ ಅವಕಾಶವಿತ್ತು; ಇನ್ನು ಮೇಲೆ ನಾಲ್ವರಿಗೆ ಮಾತ್ರ. ಹುಡುಗರನ್ನು ಬೆಳೆಸುವುದಕ್ಕೆಂದು ಹೇಳುತ್ತಾರೆ. ಗೋಲು ಹೊಡೆಯುವ ನಾಲ್ವರು ಹಿರಿಯರನ್ನು ಇಟ್ಟುಕೊಂಡ ಮೇಲೆ ಉಳಿದ ಹಿರಿಯರೆಲ್ಲರೂ ಮನೆಗೆ. ಇಪ್ಪತ್ತಾರು, ಇಪ್ಪತ್ತೇಳು ವರ್ಷದ ಎಷ್ಟೋ ಮಕ್ಕಳ ಬದುಕು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು.

ನಿನ್ನದು ಮುಗಿಯಲಿಲ್ಲ. ನಿಮ್ಮ ಆಟಗಳನ್ನು ಬರೆದಿಡುವ ನನ್ನ ಕೆಂಪು ಪುಸ್ತಕವನ್ನು ತೆಗೆದು ನೋಡಿದೆ. ಇನ್ನೂರ ಇಪ್ಪತ್ತೊಂಬತ್ತು. ಹನ್ನೊಂದು ಕಡಿಮೆ. ಋತುವಿನ ಮೊದಲ ದಿನ ಯಾವ ಸಂಖ್ಯೆ ಇರುತ್ತದೋ ಇಡೀ ವರ್ಷಕ್ಕೆ ಅದೇ ನಿಲ್ಲುತ್ತದೆ. ಆದ್ದರಿಂದ ಇನ್ನೊಂದು ಪೂರ್ತಿ ವರ್ಷ ನೀನು ಕಾಗದದ ಮೇಲೆ ಹುಡುಗನೇ.

ಪೆಲೋನ ಬಳಿ ನಿನ್ನ ಮಾತೆತ್ತಿದೆ. ಅವನು ತಲೆ ಎತ್ತದೆ ಹೇಳಿದ: "ಯಜಮಾನ್ರೇ, ನನಗೆ ಕಾಲು ಬೇಕು, ಕಥೆ ಬೇಡ. ಈ ಊರಲ್ಲಿ ಎಲ್ರ ಹತ್ರಾನೂ ಒಂದೊಂದು ಕಥೆ ಇದೆ."

"ಈ ಹುಡುಗನಿಗೆ ಕಾಲೇ ಇರೋದು," ಎಂದೆ.

"ಹಿರಿಯ ಅಲ್ಲ ತಾನೆ?"

"ಅಲ್ಲ. ಇನ್ನೂರ ಇಪ್ಪತ್ತೊಂಬತ್ತು."

"ಹಾಗಾದ್ರೆ ಬರ್ಕೊಳ್ಳಿ."

ನನ್ನ ಕಣ್ಣೆದುರಿಗೇ ನಿನ್ನ ಹೆಸರು ಹಾಳೆಗೆ ಹತ್ತಿತು, ಒಂಬತ್ತನೆಯದಾಗಿ. ಮಗೂ, ದೋಣಿ ಒಳ್ಳೆಯ ಬದುಕೇ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಇಪ್ಪತ್ತೈದರ ಕಾಲುಗಳು ಮತ್ತೆ ಬರುವುದಿಲ್ಲ. ಮೇಲಿನ ಲೀಗಿನವರು ಈ ವರ್ಷ ನಿನ್ನನ್ನು ನೋಡುತ್ತಾರೆಂಬ ನಂಬಿಕೆ ನನಗಿದೆ. ರೊಸೇರ್‌ಗೆ ಒಪ್ಪಿಸಿಬಿಡು. ನನ್ನ ಮಾತನ್ನು ಹಿಡಿ.

ಆಶೀರ್ವಾದಗಳೊಡನೆ,
ರೇನೋ ಸಾಲ್ಮೆಲಾ

*

ಲಾಮೆಕ್
೩ ಜೂನ್ ೧೯೯೩

ಪ್ರಿಯ ಕೋಚ್ ಅವರಿಗೆ,

ಅಪ್ಪನಿಗೆ ಹೇಳಿದೆ. ಅವರು "ಸರಿ" ಎಂದು ಬೂಟು ಕಳಚಿದರು. ಆಮೇಲೆ ಬಹಳ ಹೊತ್ತು ಬೂಟಿನ ಒಳಗನ್ನೇ ನೋಡುತ್ತ ಕುಳಿತಿದ್ದರು. ಸಂಜೆ ರೊಸೇರ್ ಒಂದು ಬಾಟಲಿ ಹಿಡಿದು ಬಂದ. "ಮಾವ, ಬೇಜಾರಿಲ್ಲ ತಾನೆ?" ಎಂದು ಕೇಳಿದ. ಅಪ್ಪ "ಬೇಜಾರು ಇದ್ರೆ ನಿನ್ ಬಾಟ್ಲಿ ಯಾಕೆ ಮುಟ್ತಿದ್ದೆ" ಎಂದರು. ಕೈಕುಲುಕಿದರು.

ಬರುವ ವಾರ ಶುಕ್ರವಾರ, ಹನ್ನೊಂದರಂದು, ಪತ್ರಗಳಿಗೆ ಸಹಿಯಾಗುತ್ತದೆ.

ನಿಮ್ಮ ಕಾಗದದಲ್ಲಿ ಇನ್ನೂರ ಇಪ್ಪತ್ತೊಂಬತ್ತು ಎಂದಿದ್ದುದನ್ನು ಎರಡು ಸಲ ಓದಿದೆ. ಎರಡು ವರ್ಷದ ಹಿಂದೆ ಆಶ್‌ಕೂಂಬ್ ಕ್ಲಬ್ಬಿಗೆ ನನ್ನನ್ನು ಎರವಲು ಕೊಟ್ಟಿದ್ದಾಗ ಅಲ್ಲಿ ಹನ್ನೊಂದು ಆಡಿದ್ದೆ. ಎರವಲಿನ ಆಟಗಳನ್ನು ಲೀಗು ಹಿಡಿಯುವುದಿಲ್ಲವೆಂದು ನೀವು ವಿಚಾರಿಸಿಯೇ ಬರೆದಿರುತ್ತೀರಿ. ಲೆಕ್ಕ ತಪ್ಪುವವರಲ್ಲ ನೀವು. ಸುಮ್ಮನೆ ಕೇಳಿದೆ, ಅಷ್ಟೆ.

ನಿಮ್ಮ,
ಇವೋನ್

*

ಪೈಕ್ ನ್ಯಾರೋಸ್
೨೭ ಜೂನ್ ೧೯೯೩

ಪ್ರಿಯ ಇವೋನ್,

ಇಲ್ಲಿ ಬೇಸಗೆ ಚೆನ್ನಾಗಿ ಕಾಯುತ್ತಿದೆ. ರಿಂಕಿನ ಚಾವಣಿಗೆ ಹೊಸ ತಗಡು ಹೊದಿಸುತ್ತಿದ್ದಾರೆ. ಸಮವಸ್ತ್ರದ ಬಣ್ಣವನ್ನೂ ಬದಲಾಯಿಸುತ್ತಾರಂತೆ; ಹಸಿರು ಹೋಗಿ ಕಪ್ಪು. ಹುಡುಗರ ಕೋಣೆಯಲ್ಲಿದ್ದ ಹಳೆಯ ಮರದ ಬೆಂಚುಗಳನ್ನು ಒಡೆದು ಸೌದೆ ಮಾಡಿದರು. ನಾನು ಎರಡು ಹೊರೆ ತಂದೆ. ಶನಿವಾರದ ಆವಿಸ್ನಾನಕ್ಕೆ ನಮ್ಮ ಸೌನಾ ಒಲೆಯಲ್ಲಿ ಅವು ಉರಿಯುವಾಗ ಬಣ್ಣದ ವಾಸನೆ ಬಂತು; ಹೆಂಡತಿ ಐಲಾ ಒಳಗೆ ಕೂರಲಾರದೆ ಎದ್ದುಹೋದಳು.

ಹತ್ತು ಹೆಸರುಗಳ ಪಟ್ಟಿ ಹೊರಬಿದ್ದಿದೆ. ಅದರಲ್ಲಿ ನಿನ್ನ ಹೆಸರು ಇಲ್ಲ. ನೀನು ಗಾಬರಿಯಾಗಬಾರದು. ಪಟ್ಟಿ ಎಂಬುದು ಕಡೆಗೂ ಒಂದು ಕಾಗದ. ಬೇರೆ ಐದು ಕ್ಲಬ್ಬುಗಳಿವೆ, ಎಲ್ಲರಿಗೂ ಬರೆದಿದ್ದೇನೆ.

ದೋಣಿಯ ಪತ್ರಗಳು ಪೂರ್ತಿಯಾದವೇ? ಯಾವುದಾದರೂ ಕಾರಣದಿಂದ ತಡವಾಗಿದ್ದರೆ ಅವಸರ ಮಾಡಬೇಡಿ.

ಪ್ರತಿದಿನ ಓಡುವುದನ್ನು ಬಿಡಬೇಡ.

ರೇನೋ ಸಾಲ್ಮೆಲಾ

*

ಲಾಮೆಕ್
೪ ಜುಲೈ ೧೯೯೩

ಕೋಚ್ ಅವರಿಗೆ,

ಪತ್ರಗಳಿಗೆ ಹನ್ನೊಂದರಂದೇ ಸಹಿಯಾಯಿತು. ದೋಣಿಗೆ ಅಮ್ಮನ ಹೆಸರಿತ್ತು. ರೊಸೇರ್ ಅದರ ಮೇಲೆ ಬಣ್ಣ ಬಳಿದು ಅವನ ಮಗಳ ಹೆಸರು ಬರೆಸಿದ್ದಾನೆ. ದೋಣಿ ಅವನದು.

ಆಶ್‌ಕೂಂಬಿನ ಹನ್ನೊಂದರ ಬಗ್ಗೆ ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ.

ಇವೋನ್

*

ಪೈಕ್ ನ್ಯಾರೋಸ್
೧೮ ಜುಲೈ ೧೯೯೩

ಪ್ರಿಯ ಇವೋನ್,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯ ಸಲ ಬರೆದುದನ್ನು ಓದದೆ ಅಂಚೆಗೆ ಹಾಕುತ್ತೇನೆ.

ನಿನ್ನ ಲೆಕ್ಕ ಇನ್ನೂರ ನಲವತ್ತು. ಲೀಗಿನ ಪುಸ್ತಕದಲ್ಲಿ ನೀನು ಹಿರಿಯ.

ನನ್ನ ಕೆಂಪು ಪುಸ್ತಕದಲ್ಲಿ ರಾಫ್ಟರ್ಸ್ ಪರವಾಗಿ ಆಡಿದ ಆಟಗಳು ಮಾತ್ರ ಇವೆ. ಆಶ್‌ಕೂಂಬಿನಲ್ಲಿ ಅರ್ಧ ತಂಡ ಜ್ವರದಲ್ಲಿ ಮಲಗಿತ್ತು. ಇಲ್ಲಿ ನೀನು ಬೆಂಚಿನಲ್ಲಿ ತುಕ್ಕು ಹಿಡಿಯುತ್ತಿದ್ದೆ. ಆ ಹುಡುಗನನ್ನು ಮೂರು ವಾರಕ್ಕೆ ಕರೆದುಕೊಳ್ಳಿ ಎಂದು ಅವರನ್ನು ಬೇಡಿಕೊಂಡವನು ನಾನೇ. ಬೇಡಿದ್ದು ನೆನಪಿದೆ, ಎಣಿಸಿದ್ದು ನೆನಪಿಲ್ಲ.

ಲೀಗಿನ ಕಚೇರಿಗೆ ಆರು ತಾಸು ಕಾರು ಓಡಿಸಿಕೊಂಡು ಹೋದೆ. ಆಟದ ಹಾಳೆಗಳನ್ನೆಲ್ಲ ಕಾಪಾಡುವ ಡೋರೀನ್ ಹ್ಯಾಕೆಟ್ ಪೆಟ್ಟಿಗೆ ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಆಶ್‌ಕೂಂಬಿನ ಹನ್ನೊಂದೂ ಅಲ್ಲಿದ್ದವು. ಕಡೆಯದಾಗಿ ಮಾರ್ಚ್ ಇಪ್ಪತ್ತರ, ನಮ್ಮ ಕೊನೆಯ ಆಟದ ಹಾಳೆ.

"ಇದೊಂದು ಇಲ್ದೇ ಇದ್ದಿದ್ರೆ ಇನ್ನೂರ ಮೂವತ್ತೊಂಬತ್ತಕ್ಕೇ ನಿಂತಿರೋದು," ಎಂದಳು. "ಅವತ್ತು ಗಾಯಾಳು ಅಂತ ಮೊದಲು ಬರ್ದಿದೆ. ಅದನ್ನ ಹೊಡೆದುಹಾಕಿ ಹೆಸರು ಸೇರಿಸಿದಾರೆ." ನಂತರ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. "ಈ ಕೈಬರಹ ಯಾರ್ದು ಅಂತ ನಾನು ಕೇಳ್ಬೇಕಾ, ರೇನೋ?"

ಪೆಲೋ ನಕ್ಕ. "ನಿಮ್ಮ ಹುಡುಗ ಹುಡುಗ ಅಲ್ಲ ಯಜಮಾನ್ರೇ. ಪುಸ್ತಕದ ಪ್ರಕಾರ ಅವನೂ ನೀವೂ ಓರಗೆಯವ್ರು." ಐದು ಕ್ಲಬ್ಬುಗಳಲ್ಲಿ ಮೂರು ಉತ್ತರ ಬರೆದವು, ಮೂರೂ ಒಂದೇ ಮಾತು. ಇರುವ ನಾಲ್ಕು ಹಿರಿಯ ಜಾಗಗಳಲ್ಲಿ ಒಂದನ್ನು, ಗೋಲು ಹೊಡೆಯದೆ ಮೂರನೆಯ ಸಾಲಿನಲ್ಲಿ ಆಡುವವನಿಗೆ ಯಾರೂ ಕೊಡಲಾರರು.

ಇನ್ನೊಂದನ್ನು ಹೇಳಬೇಕು. ಅದನ್ನು ಹೇಳದೆ ಮುಗಿಸಬಹುದೇ ಎಂದು ನಾಲ್ಕು ಸಲ ಪ್ರಯತ್ನಿಸಿದ್ದರಿಂದಲೇ ನಾಲ್ಕು ಸಲ ಹರಿದದ್ದು. ಜೂನ್ ಮೂರರ ನಿನ್ನ ಕಾಗದ ಗುರುವಾರ, ಹತ್ತರಂದು, ಬೆಳಗಿನ ಅಂಚೆಯಲ್ಲಿ ನನ್ನ ಕೈ ಸೇರಿತು. ಸಹಿ ಮರುದಿನ. ಆಶ್‌ಕೂಂಬ್ ಎಂಬ ಹೆಸರನ್ನು ಓದಿದ ಕ್ಷಣವೇ ನನಗೆ ತಿಳಿಯಿತು. ಅಡುಗೆಮನೆಯ ಗೋಡೆಯ ಮೇಲೆ ಫೋನಿತ್ತು. ಐಲಾ, "ನಂಬರ್ ತಿರುಗಿಸ್ಲಾ? ನಾನೇ ಮಾತಾಡ್ತೀನಿ, ನಿಮಗೆ ಕೇಳ್ಸದಿದ್ರೆ ಏನಂತೆ," ಎಂದಳು. ಮೊದಲು ಲೀಗಿನಲ್ಲಿ ಖಚಿತಪಡಿಸಿಕೊಳ್ಳೋಣ, ಸುಮ್ಮನೆ ಹುಡುಗನನ್ನು ಹೆದರಿಸುವುದು ಬೇಡ ಎಂದೆ. ಕಿವಿಯ ನೆಪವೂ ಇತ್ತು. ನಿಜವೇನೆಂದರೆ, ನಿನ್ನ ದನಿ ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಇಡೀ ದಿನವಿತ್ತು, ಇವೋನ್.

ರೇನೋ

*

ಪೈಕ್ ನ್ಯಾರೋಸ್
೧೦ ಆಗಸ್ಟ್ ೧೯೯೩

ಪ್ರಿಯ ಇವೋನ್,

ನಿನ್ನಿಂದ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಅಧಿಕಾರವೂ ನನಗಿಲ್ಲ. ಆದರೆ ಒಂದು ದಾರಿ ಕಂಡಿದೆ, ಅದನ್ನು ತಿಳಿಸಲೇಬೇಕು.

ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹಾಳೆಯಲ್ಲಿ ಹೆಸರಿದ್ದರೆ ಸಾಲದು; ಮಂಜಿನ ಮೇಲೆ ಕಾಲಿಟ್ಟಿದ್ದರೆ ಮಾತ್ರ ಅದು ಆಟವೆಂದು ಲೆಕ್ಕ. ಮಾರ್ಚ್ ಇಪ್ಪತ್ತರಂದು ನಿನ್ನ ಹೆಸರಿನ ಮುಂದೆ ಗೋಲಿಲ್ಲ, ದಂಡವಿಲ್ಲ, ಯಾವ ಗುರುತೂ ಇಲ್ಲ. ಅಂದು ನಲವತ್ತು ಸೆಕೆಂಡು ನೀನು ಇಳಿಯಲಿಲ್ಲವೆಂದು ಆಟಗಾರನೂ ಸಹಾಯಕ ಕೋಚೂ ಬರೆದುಕೊಟ್ಟರೆ, ತೀರ್ಪುಗಾರ ಆಕ್ಷೇಪಿಸದಿದ್ದರೆ, ಲೀಗು ಆ ಆಟವನ್ನು ತೆಗೆದುಹಾಕುತ್ತದೆ. ಉಳಿಯುವುದು ಇನ್ನೂರ ಮೂವತ್ತೊಂಬತ್ತು.

ಅಂದಿನ ತೀರ್ಪುಗಾರ ಹಾಡರ್‌ನನ್ನು ಕಂಡೆ. ಅವನು ತೋಟದ ಬೇಲಿಗೆ ಬಣ್ಣ ಬಳಿಯುತ್ತಿದ್ದ. "ನನಗೂ ವಯಸ್ಸಾಯ್ತಲ್ಲಪ್ಪ," ಎಂದ. "ಯಾರು ಇಳಿದ್ರು, ಯಾರು ಕೂತಿದ್ರು, ಯಾರಿಗೆ ನೆನಪಿರುತ್ತೆ? ನೀವಿಬ್ರೂ ಬರ್ದುಕೊಡಿ, ನನ್ನದೇನೂ ತಕರಾರಿಲ್ಲ."

ಪೆಲೋ ಕೂಡ ಮಾತು ಕೊಟ್ಟಿದ್ದಾನೆ: ಲೆಕ್ಕ ಸರಿಹೋದರೆ ಸೆಪ್ಟೆಂಬರಿನ ಶಿಬಿರಕ್ಕೆ ನಿನ್ನನ್ನು ಕರೆಯುತ್ತಾನೆ.

ಇದರೊಡನೆ ಒಂದು ಹಾಳೆ ಇಟ್ಟಿದ್ದೇನೆ. ನನ್ನ ಸಹಿ ಹಾಕಿಯಾಗಿದೆ. ನಿನ್ನದು ಆಗಸ್ಟ್ ಮೂವತ್ತೊಂದರೊಳಗೆ ಇಲ್ಲಿ ತಲುಪಬೇಕು. ಸುಳ್ಳು ಹೇಳುವವನು ತಂಡಕ್ಕೆ ಬೇಡವೆಂದು ಮೂರು ದಶಕ ಹುಡುಗರಿಗೆ ಹೇಳಿದವನು ನಾನು. ಏನು ಬೇಡುತ್ತಿದ್ದೇನೆಂಬ ಅರಿವು ನನಗಿದೆ. ಅಂದು ಇದ್ದವರು ಮುನ್ನೂರು ಜನ, ಅವರಲ್ಲಿ ಅರ್ಧ ಮಂದಿ ಆಗಲೇ ಕೋಟು ಹಾಕಿಕೊಂಡು ಹೊರಟಿದ್ದರು. ಆ ನಲವತ್ತು ಸೆಕೆಂಡು ಯಾರ ನೆನಪಿನಲ್ಲೂ ಇರುವುದಿಲ್ಲ.

ನಿನ್ನ,
ರೇನೋ ಸಾಲ್ಮೆಲಾ

*

ಲಾಮೆಕ್
೨೯ ಆಗಸ್ಟ್ ೧೯೯೩

ಕೋಚ್ ಅವರಿಗೆ,

ನಿಮ್ಮ ಹಾಳೆಯನ್ನು ಹಿಂದಿರುಗಿಸುತ್ತಿದ್ದೇನೆ. ನಾನು ಸಹಿ ಹಾಕಿಲ್ಲ.

ಆ ನಲವತ್ತು ಸೆಕೆಂಡು ಯಾರಿಗೂ ನೆನಪಿರುವುದಿಲ್ಲವೆಂದು ಬರೆದಿದ್ದೀರಿ. ಅಪ್ಪ ಅದನ್ನು ದೋಣಿ ನಿಲ್ಲುವ ಧಕ್ಕೆಯಲ್ಲಿ ಹೇಳುತ್ತಾರೆ, ಕ್ಷೌರದ ಅಂಗಡಿಯಲ್ಲಿ ಹೇಳುತ್ತಾರೆ, ಪಾದ್ರಿಗಳನ್ನು ನಿಲ್ಲಿಸಿಕೊಂಡು ಹೇಳುತ್ತಾರೆ. "ಬೆಂಚಿನ ಮುಂದಿನ ಮೋಟುಗೋಡೆ ಹಾರಿ ಇಳಿದ ನೋಡಿ. ಆ ಕರೀ ಬಿಲ್ಲೆ ಇವನ ಹತ್ರ ಬಂತು. ಎಡಗಡೆಯಿಂದ ಒಬ್ಬ ಗೂಳಿ ನುಗ್ಗಿದ ಹಾಗೆ ನುಗ್ಗಿದ. ನನ್ನ ಮಗ ಸುಮ್ನೆ ಭುಜ ಬಗ್ಗಿಸಿದ, ಗೂಳಿ ಗೋಡೆಗೆ. ಬಿಲ್ಲೆ ಪಕ್ಕದವನಿಗೆ." ಮೊನ್ನೆ ರೊಸೇರ್ ತಡೆಯಲಾರದೆ, "ಮಾವ, ಹೋದ ವಾರ ಮೂರು ನಿಮಿಷ ಆಡಿದ್ದ, ಈ ವಾರ ಐದಾಯ್ತಲ್ಲ," ಎಂದ. ಅಪ್ಪ, "ನೀನು ಬಸ್ಸಲ್ಲಿ ಎರಡೂವರೆ ದಿನ ಕೂತಿದ್ಯೇನೋ? ಕೂತೋನಿಗೆ ಗೊತ್ತು," ಎಂದರು. ಆ ಬಸ್ಸಿನ ಟಿಕೆಟ್ಟು ಅಡುಗೆಮನೆಯಲ್ಲಿ, ಕಡಲಿಗೆ ಹೋದವರನ್ನು ಕಾಯುವ ಸ್ಟೆಲ್ಲಾ ಮಾರಿಸ್ ಮಾತೆಯ ಚಿತ್ರದ ಚೌಕಟ್ಟಿಗೆ ಸಿಕ್ಕಿಸಿದೆ. ಅದು ನಡೆಯಲೇ ಇಲ್ಲವೆಂದು ಅದೇ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯಲು ನನ್ನಿಂದಾಗದು.

ನಾನೂ ಒಂದು ಹೇಳಬೇಕು. ಗೋಡೆ ಹಾರುವ ಮುನ್ನವೇ ಅದು ಇನ್ನೂರ ನಲವತ್ತನೆಯದು ಎಂದು ನನಗೆ ಗೊತ್ತಿತ್ತು. ಆಟಗಾರರು ಬಾಯಿಬಿಡುವುದಿಲ್ಲ, ಆದರೆ ಎಲ್ಲರೂ ಎಣಿಸುತ್ತೇವೆ. ನೀವು ಬೆನ್ನಿನ ಮೇಲೆ ಕೈಯಿಟ್ಟು "ಹೋಗು" ಎಂದಿರಿ. ಗೊತ್ತಿದ್ದೂ ಕಳುಹಿಸುತ್ತಿದ್ದಾರೆ, ಮುಂದಿನದಕ್ಕೆ ಏನೋ ಏರ್ಪಾಡು ಮಾಡಿಯೇ ಇದ್ದಾರೆ ಎಂದುಕೊಂಡೆ. ಕೇಳಿದ್ದರೆ ನಿಮ್ಮನ್ನು ಅನುಮಾನಿಸಿದಂತಾಗುತ್ತಿತ್ತು. ಕೇಳಲಿಲ್ಲ. ನೀವು ನನ್ನನ್ನು ನಂಬಿಸಿದಿರಿ, ನಾನು ನಂಬಿದೆ. ಅದರಲ್ಲಿ ನನ್ನ ಪಾಲೂ ಇದೆ.

ಲೆಕ್ಕ ತಪ್ಪಿದ್ದನ್ನು ನಾನು ಮರೆಯಬಲ್ಲೆ. ಆ ಗುರುವಾರದ ಫೋನನ್ನು ಮರೆಯಲು ಆಗುತ್ತಿಲ್ಲ. ನಮ್ಮ ಮನೆಯಲ್ಲೂ ಫೋನು ಅಡುಗೆಮನೆಯ ಗೋಡೆಯ ಮೇಲೆಯೇ ಇದೆ. ಅಂದು ನಾನು ಇಡೀ ದಿನ ಮನೆಯಲ್ಲಿದ್ದೆ. ಗಾಳಿ ಜೋರಾಗಿತ್ತು, ದೋಣಿಗಳು ಹೊರಟಿರಲಿಲ್ಲ.

ಈಗ ಹೆರಿಂಗ್ ಮೀನಿನ ಕಾಲ. ರೊಸೇರ್‌ನ ದೋಣಿಯಲ್ಲಿ ಕೂಲಿಯವನಾಗಿ ಹೋಗುತ್ತೇನೆ. ಅವನು ಒಳ್ಳೆಯ ಯಜಮಾನ. ಆಜ್ಞೆ ಮಾಡುವಾಗ ನನ್ನ ಮುಖ ನೋಡುವುದಿಲ್ಲ.

ನಿಮ್ಮಿಂದ ಒಂದೇ ಒಂದು ಉಪಕಾರ ಬೇಕು. ಆ ಆಟದಿಂದಲೇ ಹೀಗಾಯಿತೆಂದು ಅಪ್ಪನಿಗೆ ಎಂದಿಗೂ ತಿಳಿಯಬಾರದು. ತಾವು ನೋಡಲು ಬಂದದ್ದರಿಂದಲೇ ಆಯಿತಲ್ಲ ಎಂದುಕೊಳ್ಳುತ್ತಾರೆ.

ಇನ್ನು ಬರೆಯುವ ಅಗತ್ಯವಿಲ್ಲ.

ಇವೋನ್ ಡುಗೆ

*

ಲಾಮೆಕ್
೩ ಅಕ್ಟೋಬರ್ ೧೯೯೩

ಸಾಲ್ಮೆಲಾ ಅವರಿಗೆ ಆಲ್ಸೀಡ್ ಡುಗೆ ಮಾಡುವ ನಮಸ್ಕಾರ.

ನಾನು ಇವೋನ್‌ನ ಅಪ್ಪ. ನನಗೆ ಫ್ರೆಂಚ್ ಬಿಟ್ರೆ ಇಂಗ್ಲಿಷ್ ಬರಲ್ಲ. ಅಂಚೆ ಕಚೇರಿಯ ಲಾಂತೇನ್ ಅಮ್ಮ ನಾನು ಹೇಳಿದ್ದನ್ನ ಬರ್ಕೊಳ್ತಿದಾರೆ. ನಾನು ಬರ್ಸಿದ್ದು ಹುಡುಗನಿಗೆ ಗೊತ್ತಿಲ್ಲ.

ನಿಮ್ಮಲ್ಲಿ ಆಟ ಶುರುವಾಗೋ ಹೊತ್ತಾಯ್ತಂತೆ. ಇವನು ಇಲ್ಲೇ ಬಲೆ ಎಳೀತಿದಾನೆ. ಯಾಕೋ ಅಂದ್ರೆ "ಸಾಕಾಯ್ತು ಅಪ್ಪ" ಅಂತಾನೆ. ಸಾಕಾದೋನು ದಿನಾ ಸಂಜೆ ರಸ್ತೆ ಕೊನೇವರ್ಗೂ ಓಡ್ತಾನಾ?

ಒಂದು ಮಾತು ಕೇಳ್ಬೇಕು. ಅವತ್ತು ಕೊನೇಲಿ ಅವನನ್ನ ಇಳಿಸಿದ್ರಲ್ಲ, ಆಗ ಅವನೇನಾದ್ರೂ ತಪ್ಪಾಡಿದ್ನಾ? ಇಲ್ಲಿ ಎಲ್ರ ಹತ್ರಾನೂ ಚೆನ್ನಾಗಾಡ್ದ ಅಂತ ಹೇಳ್ಕೊಂಡು ಓಡಾಡಿದೀನಿ. ಆದ್ರೆ ನನಗೆ ಆಟ ಏನು ಗೊತ್ತು? ನಾನು ಅಲ್ಲಿ ಬಂದು ಕೂತಿದ್ದಕ್ಕೆ ಅವನ ಕೈಕಾಲು ನಡುಗಿ, ದೊಡ್ಡೋರ ಕಣ್ಣಿಗೆ ಚಿಕ್ಕೋನಾಗಿಬಿಟ್ನಾ?

ದೋಣಿ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಅಂತ ಬರೀರಿ ಅಂದೆ. ಲಾಂತೇನ್ ಅಮ್ಮ ನನ್ನ ಮುಖ ನೋಡಿದ್ರು. ಸರಿ, ಅದನ್ನ ಬರೀಬೇಡಿ ಅಂದೆ. ಆದ್ರೂ ಬರ್ದಿದಾರೆ.

ನಿಜ ಹೇಳಿ.

ಆಲ್ಸೀಡ್ ಡುಗೆ

*

ಪೈಕ್ ನ್ಯಾರೋಸ್
೧೭ ಅಕ್ಟೋಬರ್ ೧೯೯೩

ಮಾನ್ಯ ಆಲ್ಸೀಡ್ ಡುಗೆ ಅವರಿಗೆ,

ನಿಮ್ಮ ಕಾಗದ ತಲುಪಿತು. ನಿಜ ಹೇಳಿ ಎಂದಿದ್ದೀರಿ.

ನಿಮ್ಮ ಮಗನ ಆಟದಲ್ಲಿ ದೋಷವಿರಲಿಲ್ಲ. ಕ್ಲಬ್ಬಿನ ಲೆಕ್ಕದಲ್ಲಿ ಒಂದು ತಪ್ಪಾಯಿತು. ತಪ್ಪು ಮಾಡಿದವನು ನಾನು. ಅದು ತಿಳಿದ ಮೇಲೆ ಹೇಳಬೇಕಾದ ದಿನ ಹೇಳದೆ ಸುಮ್ಮನಿದ್ದವನೂ ನಾನು. ಅದರ ಬೆಲೆಯನ್ನು ಅವನು ತೆತ್ತ. ಯಾವ ಲೆಕ್ಕವೆಂದು ದಯವಿಟ್ಟು ಕೇಳಬೇಡಿ, ಅವನನ್ನೂ ಕೇಳಬೇಡಿ. ಈ ವರ್ಷದಿಂದ ಆಟದ ಹಾಳೆಯನ್ನು ಬೇರೊಬ್ಬರು ಬರೆಯುತ್ತಾರೆ.

ನೀವು ಬಂದದ್ದರಿಂದ ಏನೂ ಆಗಲಿಲ್ಲ.

ನಿಮಗೆ ಆಟ ಗೊತ್ತಿಲ್ಲವೆಂದಿದ್ದೀರಿ. ಗೊತ್ತಿರುವ ನಾನು ನೋಡಿದ್ದನ್ನು ಬರೆಯುತ್ತೇನೆ. ೧೯೯೩ರ ಮಾರ್ಚ್ ಇಪ್ಪತ್ತರಂದು, ಆಟ ಮುಗಿಯಲು ಒಂದು ನಿಮಿಷ ಹನ್ನೆರಡು ಸೆಕೆಂಡು ಇದ್ದಾಗ, ಇವೋನ್ ಡುಗೆ ಗೋಡೆ ಹಾರಿ ಮಂಜಿಗೆ ಇಳಿದ. ಮುರಿದ ಪಕ್ಕೆಲುಬಿನ ಮೇಲೆ ಎರಡು ಸುತ್ತು ಬಟ್ಟೆ ಕಟ್ಟಿತ್ತು. ಬಿಲ್ಲೆ ಒಂದು ಸಲ ಅವನ ಕೋಲಿಗೆ ಬಂತು. ಎಡಗಡೆಯಿಂದ ಬಂದವನು ಅವನಿಗಿಂತ ಮೂವತ್ತು ಪೌಂಡು ಭಾರ. ಇವೋನ್ ಭುಜವನ್ನು ತಗ್ಗಿಸಿದ, ಬಂದವನು ಗೋಡೆಗೆ ಬಡಿದ, ಬಿಲ್ಲೆ ತಲುಪಬೇಕಾದ ಕಡೆ ತಲುಪಿತು. ಮೂವತ್ತೊಂದು ವರ್ಷ ಹುಡುಗರಿಗೆ ನಾನು ಕಲಿಸಿದ್ದು ಅದನ್ನೇ. ಅದನ್ನು ಅಷ್ಟು ಚೆನ್ನಾಗಿ ಮಾಡಿದವರನ್ನು ಕೈಬೆರಳಲ್ಲಿ ಎಣಿಸಬಹುದು.

ಇದು ನಡೆಯಲಿಲ್ಲವೆಂದು ನಾನೇ ಸಹಿ ಮಾಡಿದ ಒಂದು ಹಾಳೆ ಇತ್ತು. ನಿಮ್ಮ ಮಗ ಅದನ್ನು ನನಗೆ ಹಿಂದಿರುಗಿಸಿದ. ನಾನು ಅದನ್ನು ಒಲೆಗೆ ಹಾಕಿದೆ.

ಆ ದಿನದ ಆಟದ ಹಾಳೆ ಲೀಗಿನ ಕಚೇರಿಯಲ್ಲಿದೆ, ಅದರಲ್ಲಿ ಅವನ ಹೆಸರು ನನ್ನ ಕೈಬರಹದಲ್ಲಿದೆ. ಧಕ್ಕೆಯಲ್ಲಿ ಯಾರಾದರೂ ನಿಮ್ಮ ಮಾತನ್ನು ನಂಬದಿದ್ದರೆ ಈ ಕಾಗದವನ್ನು ತೋರಿಸಿ.

ತಮ್ಮ ವಿಧೇಯ,
ರೇನೋ ಸಾಲ್ಮೆಲಾ